ಹತ್ತು ತಂಡ ಸುತ್ತಿದ ಆಟಗಾರ ಕೋಚ್ ಆಗುವುದು ಹೇಗೆ?

ಪ್ರಶ್ನೆ: ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಪಂದ್ಯಗಳ ಕಾಮೆಂಟರಿಯಲ್ಲಿ ‘ಜರ್ನಿಮನ್’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ವರ್ಷಕ್ಕೊಂದು ತಂಡ ಬದಲಿಸುವ ಈ ಆಟಗಾರರ ಬದುಕು ಹೇಗೆ ನಡೆಯುತ್ತದೆ? ಇವರಲ್ಲಿ ಅನೇಕರು ಮುಂದೆ ಕೋಚ್ ಆಗುತ್ತಾರಲ್ಲ, ಬೆಂಚಿನ ಮೇಲೆ ಕೂತು ಆಟ ನೋಡಿದ್ದೇ ಅವರಿಗೆ ಪಾಠವಾಗುತ್ತದೆಯೇ? ಆಟ ಬಿಟ್ಟವರು ಕೋಚಿಂಗ್‌ಗೆ ಇಳಿಯುವ ದಾರಿ ಯಾವುದು, ಎಲ್ಲಿ ಎಡವುತ್ತಾರೆ?

ಉತ್ತರ: ಬೆಂಚಿನ ಮಾತನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಎಲ್ಲರೂ ನಂಬಿರುವುದು ಅದನ್ನೇ. ಕೂತು ನೋಡಿದ್ದರಿಂದ ಕೋಚ್ ಆಗುವುದಿದ್ದರೆ ಪ್ರತಿ ತಂಡದಲ್ಲೂ ಐದಾರು ಕೋಚ್‌ಗಳು ಹುಟ್ಟಬೇಕಿತ್ತು. ಅಲೆಮಾರಿ ಆಟಗಾರನ ನಿಜವಾದ ಬಂಡವಾಳ ಇನ್ನೊಂದಿದೆ. ಹೊಸ ತಂಡಕ್ಕೆ ಬಂದಾಗಲೆಲ್ಲ ಆ ತಂಡದ ಆಟದ ಪದ್ಧತಿಯನ್ನು ಮೂರು ನಾಲ್ಕು ದಿನದೊಳಗೆ ಕಲಿಯಬೇಕು, ಇಲ್ಲವಾದರೆ ಮನೆಗೆ ಹೋಗಬೇಕು. ಹತ್ತು ತಂಡ ಸುತ್ತಿದವನು ಈ ಪರೀಕ್ಷೆಗೆ ಹತ್ತು ಸಲ ಕೂತಿರುತ್ತಾನೆ. ಯಾವುದನ್ನು ಮೊದಲು ಕಲಿಯಬೇಕು, ಯಾವುದನ್ನು ಆಮೇಲೆ ನೋಡಿಕೊಂಡರೆ ನಡೆಯುತ್ತದೆ ಎಂಬ ಲೆಕ್ಕ ಅವನಿಗೆ ಕರತಲಾಮಲಕ. ಕಲಿಸುವವನಿಗೆ ಬೇಕಾದದ್ದೂ ಅದೇ ಲೆಕ್ಕ.

ಇನ್ನು ಬದುಕು. ಎನ್‌ಬಿಎಯಲ್ಲಿ 30 ತಂಡ, ತಂಡಕ್ಕೆ 15 ಪೂರ್ಣ ಕರಾರು. 2023ರಿಂದ ಇದರ ಜೊತೆಗೆ ಮೂರು ‘ಟೂ-ವೇ’ ಕರಾರುಗಳಿವೆ. ಆ ಆಟಗಾರ ಹೆಚ್ಚಿನ ಕಾಲ ಕೆಳಗಿನ ಜಿ ಲೀಗ್‌ನಲ್ಲಿ ಆಡುತ್ತ, ಎನ್‌ಬಿಎ ತಂಡದ ಜೊತೆ ಗರಿಷ್ಠ 50 ಪಂದ್ಯಗಳಿಗೆ ಲಭ್ಯನಿರಬಹುದು. 15ರಲ್ಲಿ ನಿಯಮಿತವಾಗಿ ಅಂಗಳಕ್ಕಿಳಿಯುವವರು ಒಂಬತ್ತು ಹತ್ತು ಮಂದಿ. ಉಳಿದ ಐದಾರು ಕುರ್ಚಿಗಳ ಸುತ್ತಲೇ ಜರ್ನಿಮನ್‌ಗಳ ಇಡೀ ಸಂಸಾರ ತಿರುಗುವುದು. ಈ ಅಲೆದಾಟದ ದಾಖಲೆ ಇಶ್ ಸ್ಮಿತ್ ಅವರದು: 2010ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಯಾರೂ ಆರಿಸದ ಈ ಗಾರ್ಡ್ 13 ತಂಡಗಳ ಅಂಗಿ ತೊಟ್ಟರು, 13ನೆಯದಾದ ಡೆನ್ವರ್‌ನಲ್ಲಿ 2023ರ ಚಾಂಪಿಯನ್‌ಷಿಪ್ ಉಂಗುರವೂ ಸಿಕ್ಕಿತು. ಅವರಿಗೆ ಮುಂಚೆ 12 ತಂಡಗಳ ದಾಖಲೆಯನ್ನು ಚಕ್ಕಿ ಬ್ರೌನ್, ಟೋನಿ ಮ್ಯಾಸೆನ್‌ಬರ್ಗ್, ಜಿಮ್ ಜಾಕ್ಸನ್, ಜೋ ಸ್ಮಿತ್ ಹಂಚಿಕೊಂಡಿದ್ದರು.

ಈ ಆಟಗಾರರ ಪಂಚಾಂಗದಲ್ಲಿ ಎರಡು ತಾರೀಕುಗಳು ಮುಖ್ಯ, ಎರಡೂ ಜನವರಿಯಲ್ಲೇ. ಜನವರಿ 10ಕ್ಕೆ ಆ ಋತುವಿನ ಎಲ್ಲ ಪೂರ್ಣ ಕರಾರುಗಳ ಹಣ ಖಾತ್ರಿಯಾಗುತ್ತದೆ. ಕೈಬಿಟ್ಟ ಆಟಗಾರನನ್ನು ಬೇರೆ ತಂಡ ಎತ್ತಿಕೊಳ್ಳಲು 48 ಗಂಟೆಗಳ ‘ವೇವರ್’ ಅವಧಿ ಇರುವುದರಿಂದ, ಬೇಡವಾದವನನ್ನು 7ರೊಳಗೇ ಕಳಿಸಿಬಿಡುತ್ತಾರೆ. ಅಕ್ಟೋಬರ್‌ನಿಂದ ಮೂರು ತಿಂಗಳು ತಂಡದ ಜೊತೆ ಓಡಾಡಿದವನಿಗೆ ಜನವರಿ 6ರ ಸಂಜೆ ಫೋನ್ ಬಂದರೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದೇ ಲೆಕ್ಕ. ಇನ್ನೊಂದು ತಾರೀಕು ಜನವರಿ 5. ಅಂದಿನಿಂದ ಹತ್ತು ದಿನದ ಕರಾರುಗಳು ಶುರು. ಹತ್ತು ದಿನ ಅಥವಾ ಮೂರು ಪಂದ್ಯ, ಯಾವುದು ದೀರ್ಘವೋ ಅದು. ಒಂದೇ ತಂಡದ ಜೊತೆ ಒಂದು ಋತುವಿನಲ್ಲಿ ಎರಡು ಸಲ ಮಾತ್ರ. ಮೂರನೆಯ ಸಲಕ್ಕೆ ಋತುವಿನ ಕೊನೆಯವರೆಗೆ ಇಟ್ಟುಕೊಳ್ಳಬೇಕು, ಇಲ್ಲವೇ ಬಿಡಬೇಕು. ಸಂಬಳ ಕನಿಷ್ಠ ವೇತನವನ್ನು ಋತುವಿನ ಸುಮಾರು 174 ದಿನಗಳಿಂದ ಭಾಗಿಸಿ, ದಿನದ ಲೆಕ್ಕದಲ್ಲಿ.

ವಯಸ್ಸಾದವರನ್ನು ತಂಡಗಳು ಒಂದೊಂದೇ ವರ್ಷಕ್ಕೆ ತೆಗೆದುಕೊಳ್ಳುವುದಕ್ಕೂ ಒಂದು ಲೆಕ್ಕಾಚಾರವಿದೆ, ಇದು ಅನೇಕರಿಗೆ ಗೊತ್ತಿಲ್ಲ. ಅನುಭವ ಹೆಚ್ಚಿದಂತೆ ಕನಿಷ್ಠ ವೇತನವೂ ಏರುತ್ತದೆ. ಹಾಗಾದರೆ ಯಾವ ತಂಡ ಹಳಬರನ್ನು ಮುಟ್ಟೀತು? ಅದಕ್ಕೇ ಮೂರು ವರ್ಷ ಅಥವಾ ಹೆಚ್ಚು ಅನುಭವವಿರುವ ಆಟಗಾರ ಒಂದು ವರ್ಷದ ಕನಿಷ್ಠ ಕರಾರಿಗೆ ಸಹಿ ಹಾಕಿದರೆ, ಎರಡು ವರ್ಷ ಅನುಭವಿಯ ದರಕ್ಕಿಂತ ಹೆಚ್ಚಿನ ಭಾಗವನ್ನು ಲೀಗ್ ಭರಿಸುತ್ತದೆ. ಎರಡು ವರ್ಷದ ಕರಾರಿಗೆ ಈ ಸೌಲಭ್ಯ ಇಲ್ಲ. ಹೀಗಾಗಿ ‘ಇವನನ್ನು ಯಾರೂ ಎರಡು ವರ್ಷ ಇಟ್ಟುಕೊಳ್ಳಲಿಲ್ಲ’ ಎಂದು ಮೂಗು ಮುರಿಯುವಂತಿಲ್ಲ. ನಿಯಮವೇ ಅವನನ್ನು ಪ್ರತಿ ಬೇಸಿಗೆಯಲ್ಲೂ ಗಂಟುಮೂಟೆ ಕಟ್ಟಿಸುತ್ತದೆ. ಮೂರು ವರ್ಷ ಪೂರೈಸಿದವನಿಗೆ ಲೀಗಿನ ಪಿಂಚಣಿಯ ಹಕ್ಕು ಬರುತ್ತದೆ. ಎರಡೂವರೆ ವರ್ಷಕ್ಕೆ ನಿಂತವನು ಇನ್ನೊಂದು ಹತ್ತು ದಿನಕ್ಕಾಗಿ ಕಾಯುವುದು ಏಕೆಂದು ಈಗ ನಿಮಗೆ ಅರ್ಥವಾಗುತ್ತದೆ. ತೆರಿಗೆಯ ಕಥೆ ಬೇರೆ: ಪಂದ್ಯ ನಡೆದ ರಾಜ್ಯಗಳಲ್ಲೆಲ್ಲ ಪ್ರತ್ಯೇಕ ಲೆಕ್ಕ ಒಪ್ಪಿಸಬೇಕಾಗಬಹುದು. ತಂಡ ಬದಲಿಸುವವನಿಗೆ ಒಳ್ಳೆ ಏಜೆಂಟ್‌ಗಿಂತ ಒಳ್ಳೆ ಲೆಕ್ಕಿಗ ಬೇಕು.

ಹತ್ತು ದಿನದ ಕರಾರನ್ನು ಸ್ವಲ್ಪ ಹತ್ತಿರದಿಂದ ನೋಡಿ, ಕೋಚ್ ತಯಾರಾಗುವ ಕುಲುಮೆ ಇದೇ. ರಾತ್ರಿ ವಿಮಾನ ಇಳಿದು ಹೋಟೆಲ್ ಸೇರುತ್ತಾನೆ. ಬೆಳಗ್ಗೆ ವೈದ್ಯಕೀಯ ತಪಾಸಣೆ, ಸಹಿ, ಕೈಗೆ ಒಂದು ಟ್ಯಾಬ್ಲೆಟ್. ಅದರಲ್ಲಿ ತಂಡದ ಅಷ್ಟೂ ಪ್ಲೇಗಳು, ಅಂದರೆ ಯಾರು ಎಲ್ಲಿ ಓಡಬೇಕೆಂದು ಮೊದಲೇ ಹೆಣೆದ ಚಲನೆಗಳು, ಎಂಬತ್ತೋ ನೂರೋ. ಋತುವಿನ ನಡುವೆ ತಂಡಗಳು ಪೂರ್ಣ ಅಭ್ಯಾಸ ಮಾಡುವುದೇ ಅಪರೂಪ. ಪಂದ್ಯದ ದಿನ ಬೆಳಗಿನ ಶೂಟ್‌ಅರೌಂಡ್ ಎಂಬ ಹಗುರ ಅಭ್ಯಾಸ ಒಂದು ಗಂಟೆ ಇರುತ್ತದೆ, ಅಷ್ಟೇ. ನೂರನ್ನೂ ಉರು ಹೊಡೆಯಲು ಕೂತವನು ಮುಳುಗಿದ. ಬಲ್ಲವನು ಮೊದಲು ಹಿಡಿಯುವುದು ರಕ್ಷಣೆಯ ಪದಗಳನ್ನು.

ಕಾರಣ ಸರಳ. ಚೆಂಡು ಪಕ್ಕದ ಗೆರೆಯ ಹತ್ತಿರವಿದೆ, ಎದುರಾಳಿ ಸ್ಕ್ರೀನ್ ಹಾಕಲು, ಅಂದರೆ ಕಾಯುವವನಿಗೆ ಮೈಯಡ್ಡ ನಿಂತು ದಾರಿ ತಡೆಯಲು, ಬರುತ್ತಿದ್ದಾನೆ ಎನ್ನಿ. ಚೆಂಡು ಕಾಯುವವನು ಸ್ಕ್ರೀನ್ ಇರುವ ಬದಿಗೆ ಅಡ್ಡ ನಿಂತು, ಎದುರಾಳಿ ಕೋರ್ಟಿನ ನಡುವಿಗೆ ಬಾರದಂತೆ ಬೇಸ್‌ಲೈನ್ (ರಿಂಗಿನ ಹಿಂದಿನ ಗೆರೆ) ಕಡೆಗೇ ತಳ್ಳಬೇಕು. ಎತ್ತರದ ಸಂಗಾತಿ, ಅಂದರೆ ಸೆಂಟರ್, ಕೆಳಗೆ ಕಾದಿರಬೇಕು. ಈ ಒಂದೇ ಕೆಲಸಕ್ಕೆ ಒಂದು ತಂಡದಲ್ಲಿ ‘ಐಸ್’ ಎನ್ನುತ್ತಾರೆ, ಇನ್ನೊಂದರಲ್ಲಿ ‘ಬ್ಲೂ’, ಮತ್ತೊಂದರಲ್ಲಿ ‘ಡೌನ್’. ಹಿಂದಿನಿಂದ ಸೆಂಟರ್ ‘ಬ್ಲೂ’ ಎಂದು ಕೂಗಿದಾಗ ಹೊಸಬ ಅರೆಕ್ಷಣ ತಡವರಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ: ಇವನು ಸ್ಕ್ರೀನಿನ ಮೇಲಿಂದ ನುಗ್ಗುತ್ತಾನೆ, ಸೆಂಟರ್ ಕೆಳಗೆ ಕಾಯುತ್ತಿರುತ್ತಾನೆ, ಚೆಂಡು ಹಿಡಿದವನಿಗೆ ನಡುಕೋರ್ಟು ಹೆದ್ದಾರಿಯಾಗುತ್ತದೆ. ದಾಳಿಯಲ್ಲಿ ತಪ್ಪು ಜಾಗದಲ್ಲಿ ನಿಂತವನನ್ನು ಜೊತೆಯವರು ಕೈ ಹಿಡಿದು ಸರಿಸಬಹುದು. ರಕ್ಷಣೆಯಲ್ಲಿ ತಪ್ಪಿದರೆ ಅಂಕ ಹೋದಂತೆ. ಆದ್ದರಿಂದ ಮೊದಲ ದಿನದ ಪಟ್ಟಿ ಚಿಕ್ಕದು: ಪಿಕ್ ಅಂಡ್ ರೋಲ್‌ನ (ಸ್ಕ್ರೀನ್ ಹಾಕಿದವನು ಅಲ್ಲಿಂದ ರಿಂಗಿನತ್ತ ಓಡುವ ದಾಳಿ) ನಾಲ್ಕೈದು ಕಾವಲು ಪದಗಳು, ತಂಡ ದಿನವೂ ಆಡುವ ಆರೇಳು ಪ್ಲೇಗಳು, ಬದಿಗೆರೆ ಮತ್ತು ಬೇಸ್‌ಲೈನ್‌ನಿಂದ ಚೆಂಡು ಎಸೆಯುವಾಗಿನ ಎರಡೆರಡು ಪ್ಲೇಗಳು.

ದಾಳಿಯ ಪ್ಲೇಗಳಲ್ಲೂ ಹೊಸತು ಕಡಿಮೆ. ‘ಹಾರ್ನ್ಸ್’ ಎಂದರೆ ಎಲ್ಲ ಕಡೆ ಒಂದೇ ಚಿತ್ರ: ಚೆಂಡು ಮೇಲೆ ನಡುವೆ, ಎತ್ತರದ ಇಬ್ಬರು ಫ್ರೀ ಥ್ರೋ ಗೆರೆಯ ಎರಡು ತುದಿಗಳಲ್ಲಿ, ಶೂಟರ್‌ಗಳಿಬ್ಬರು ಎರಡು ಮೂಲೆಗಳಲ್ಲಿ. ಅಲ್ಲಿಂದ ಮುಂದಿನ ಹೆಜ್ಜೆ, ಕರೆಯುವ ಹೆಸರು ಮಾತ್ರ ತಂಡದಿಂದ ತಂಡಕ್ಕೆ ಬದಲು. ಮೂರನೆಯ ತಂಡದ ಹೊತ್ತಿಗೆ ಆಟಗಾರನಿಗೆ ಹೆಸರುಗಳ ಹಿಂದಿನ ಅಸ್ಥಿಪಂಜರ ಕಾಣತೊಡಗುತ್ತದೆ. ಹದಿನೈದು ವರ್ಷ ಒಂದೇ ತಂಡದಲ್ಲಿ, ಒಂದೇ ಭಾಷೆಯಲ್ಲಿ ಆಡಿದ ತಾರೆಗೆ ಇದು ಕಾಣುವ ಪ್ರಮೇಯವೇ ಬರುವುದಿಲ್ಲ. ಜೊತೆಗೆ ತಾರೆಯ ದೇಹ ಮಾಡುವ ಕೆಲಸವನ್ನು ತಾರೆಯೇ ವಿವರಿಸಲಾರ. ಮಿತಿಯುಳ್ಳ ಆಟಗಾರ ಪ್ರತಿ ಹೆಜ್ಜೆಯನ್ನೂ ಅಳೆದು ಸುರಿದು ಕಲಿತಿರುತ್ತಾನೆ, ಹಾಗಾಗಿ ಹೇಳಿಕೊಡಬಲ್ಲ.

ಅಷ್ಟಕ್ಕೇ ಕೋಚ್ ಕೆಲಸ ಸಿಗುವುದಿಲ್ಲ. ಸಾಮಾನ್ಯವಾಗಿ 33–35ರ ವಯಸ್ಸಿನಲ್ಲಿ ಆಟ ನಿಲ್ಲುತ್ತದೆ, ಆಮೇಲೆ ಏಣಿಯ ತೀರ ಕೆಳಗಿನ ಮೆಟ್ಟಿಲು. ಟೈರಾನ್ ಲೂ ಹನ್ನೊಂದು ಋತು, ಏಳು ತಂಡ ಆಡಿ 2009ರಲ್ಲಿ ನಿಂತರು. ಬೋಸ್ಟನ್‌ನಲ್ಲಿ ಆಟಗಾರರನ್ನು ಬೆಳೆಸುವ ವಿಭಾಗದಿಂದ ಶುರು ಮಾಡಿ, ಕ್ಲೀವ್‌ಲ್ಯಾಂಡ್‌ನ ಮುಖ್ಯ ಕೋಚ್ ಆಗಿದ್ದು 2016ರ ಜನವರಿಯಲ್ಲಿ. ಅದೇ ಜೂನ್‌ನಲ್ಲಿ ಫೈನಲ್ಸ್‌ನಲ್ಲಿ 1–3 ಹಿಂದಿದ್ದ ತಂಡ ಪ್ರಶಸ್ತಿ ಗೆದ್ದಿತು. ಇಮೆ ಉಡೋಕಾ ಡ್ರಾಫ್ಟ್ ಆಗದೆ, ಆಗಿನ ಡಿ-ಲೀಗ್ (ಇಂದಿನ ಜಿ ಲೀಗ್) ಸುತ್ತಿ, 29ನೇ ವಯಸ್ಸಿನಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಕಾಯಂ ಜಾಗ ಹಿಡಿದವರು. 2012ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಸಹಾಯಕರಾದರು, ಮುಖ್ಯ ಕೋಚ್ ಆಗಲು 2021 ಬರಬೇಕಾಯಿತು. ಡಾರ್ವಿನ್ ಹ್ಯಾಮ್ ಇನ್ನೂ ದೀರ್ಘ ಕಾದರು: ಡಿ-ಲೀಗ್‌ನಲ್ಲಿ ಕೋಚಿಂಗ್ ಶುರು ಮಾಡಿ, ಲೇಕರ್ಸ್, ಅಟ್ಲಾಂಟಾ, ಮಿಲ್ವಾಕಿಗಳಲ್ಲಿ ಸಹಾಯಕರಾಗಿ, 2022ರಲ್ಲಿ ಲೇಕರ್ಸ್ ಮುಖ್ಯ ಕೋಚ್. ಆರು ವರ್ಷದಿಂದ ಹದಿನಾಲ್ಕು ವರ್ಷ, ಇದು ಕ್ರಮ. ಸ್ಟೀವ್ ಕೆರ್ ಸಹಾಯಕರೂ ಆಗದೆ 2014ರಲ್ಲಿ ನೇರ ಗೋಲ್ಡನ್ ಸ್ಟೇಟ್‌ಗೆ ಬಂದು ಮೊದಲ ವರ್ಷವೇ 67 ಪಂದ್ಯ ಗೆದ್ದರಲ್ಲ ಎನ್ನಬಹುದು. ನಡುವೆ ಅವರು ಫೀನಿಕ್ಸ್‌ನ ಜನರಲ್ ಮ್ಯಾನೇಜರ್ ಆಗಿದ್ದರು, ವರ್ಷಗಟ್ಟಲೆ ಟಿವಿಯಲ್ಲಿ ಆಟ ಬಿಡಿಸಿ ಹೇಳಿದ್ದರು. ಬಂದೊಡನೆ ಪಕ್ಕದಲ್ಲಿ ಆಲ್ವಿನ್ ಜೆಂಟ್ರಿ, ರಾನ್ ಆಡಮ್ಸ್‌ರಂಥ ಹಳೆ ಹುಲಿಗಳನ್ನು ಕೂರಿಸಿಕೊಂಡರು. ಹೊಸಬರು ಅವರಿಂದ ನಕಲು ಮಾಡಬೇಕಾದದ್ದು ಈ ಕೊನೆಯ ಕೆಲಸವನ್ನು.

ಕೆಳಗಿನ ಮೆಟ್ಟಿಲಲ್ಲಿ ಏನು ಕೆಲಸ? ಒಂದು ವಿಡಿಯೊ ಕೋಣೆ. ಎನ್‌ಬಿಎ ಪಂದ್ಯದಲ್ಲಿ ತಂಡಕ್ಕೆ ಸುಮಾರು ನೂರರಂತೆ ಇನ್ನೂರು ಸರದಿ ಚೆಂಡು ಕೈ ಬದಲಾಗುತ್ತದೆ. ಪ್ರತಿಯೊಂದನ್ನೂ ತುಂಡು ಮಾಡಿ, ಯಾವ ಪ್ಲೇ, ಯಾವ ಕಾವಲು, ಫಲ ಏನು ಎಂದು ಗುರುತು ಹಾಕಬೇಕು. ಮಯಾಮಿಯ ಎರಿಕ್ ಸ್ಪೋಲ್‌ಸ್ಟ್ರಾ ಎನ್‌ಬಿಎಯಲ್ಲಿ ಆಡಿದವರೇ ಅಲ್ಲ. ಜರ್ಮನಿಯ ಹೆರ್ಟನ್‌ನಲ್ಲಿ ಆಟಗಾರ-ಕೋಚ್ ಆಗಿದ್ದು, 1995ರಲ್ಲಿ ಮಯಾಮಿಯ ವಿಡಿಯೊ ಕೋಣೆ ಸೇರಿ, 2008ರಲ್ಲಿ ಮುಖ್ಯ ಕೋಚ್ ಆದರು. ಮಾಜಿ ಆಟಗಾರ ಇಂಥವರ ಜೊತೆ ಪೈಪೋಟಿಗೆ ಇಳಿದಿದ್ದಾನೆ ಎಂಬುದನ್ನು ಮರೆಯಬಾರದು. ಅವರಿಗೆ ಇಪ್ಪತ್ತೆರಡರಿಂದಲೇ ಲ್ಯಾಪ್‌ಟಾಪ್ ಕೈಗಂಟಿರುತ್ತದೆ, ಇವನಿಗೆ ಮೂವತ್ತೈದರಲ್ಲಿ ಅಕ್ಷರಾಭ್ಯಾಸ.

ಇನ್ನೊಂದು ಆಟಗಾರರನ್ನು ಬೆಳೆಸುವ ಕೋಚ್ ಕೆಲಸ, ಮಾಜಿ ಆಟಗಾರರಿಗೆ ಸುಲಭವಾಗಿ ತೆರೆಯುವ ಬಾಗಿಲು ಇದು. ಪಂದ್ಯಕ್ಕೆ ಮುಂಚೆ ಪ್ರತಿ ಆಟಗಾರನಿಗೂ ಅಂಗಳದಲ್ಲಿ ಹದಿನೈದು ಇಪ್ಪತ್ತು ನಿಮಿಷ ಗೊತ್ತು ಮಾಡಿರುತ್ತಾರೆ. ಆ ಹೊತ್ತಿನಲ್ಲಿ ನೂರು ಶಾಟ್ ಎಸೆಸುವುದು ದಂಡ. ಎಸೆದ ಲೆಕ್ಕ ಇಡದೆ ಬಿದ್ದ ಲೆಕ್ಕ ಇಡಬೇಕು, ಆ ರಾತ್ರಿ ಅವನಿಗೆ ನಿಜವಾಗಿ ಸಿಗುವ ಶಾಟ್‌ಗಳನ್ನೇ ಕೊಡಬೇಕು. ಮೂಲೆಯಲ್ಲಿ ನಿಂತು ಪಾಸಿಗೆ ಕಾಯುವವನಿಗೆ ಡ್ರಿಬಲ್ ಮಾಡಿ ಹಿಂದೆ ಜಿಗಿದು ಎಸೆಯುವುದನ್ನು ಕಲಿಸಿ ಪ್ರಯೋಜನವಿಲ್ಲ. ಮಾಜಿ ಆಟಗಾರರ ಮಾಮೂಲಿ ತಪ್ಪೆಂದರೆ ತಾವೇ ಎಸೆದು ತೋರಿಸುವುದು. ಹುಡುಗರಿಗೆ ಮೋಜು, ಕಲಿಕೆ ಸೊನ್ನೆ. ಪಾಸ್ ಕೊಡುವ ಕೈಯ ಗುಣವೂ ಮುಖ್ಯ: ಪಂದ್ಯದಲ್ಲಿ ಬರುವ ವೇಗಕ್ಕೆ, ಬರುವ ದಿಕ್ಕಿನಿಂದ ಚೆಂಡು ಬರಬೇಕು. ರಿಂಗಿನ ಕೆಳಗೆ ನಿಂತು ಮೆಲ್ಲಗೆ ಎಸೆದುಕೊಟ್ಟರೆ ಅದು ಬೇರೆಯೇ ಆಟ.

ಅಲ್ಲಿಂದ ಮೇಲೆ ಬೆಂಚಿನ ಹಿಂದಿನ ಸಾಲು, ಆಮೇಲೆ ಮುಂದಿನ ಸಾಲು. ಮುಂದಿನ ಸಾಲಿನ ಸಹಾಯಕರು ಎದುರಾಳಿಗಳನ್ನು ಹಂಚಿಕೊಳ್ಳುತ್ತಾರೆ. ಮೂವರಿದ್ದರೆ 82 ಪಂದ್ಯಗಳಲ್ಲಿ ತಲಾ 27ರಷ್ಟು. ಎದುರಾಳಿಯ ಕಳೆದ ನಾಲ್ಕೈದು ಪಂದ್ಯ ನೋಡಿ, ಹೆಚ್ಚು ಆಡುವ ಹತ್ತು ಹನ್ನೆರಡು ಪ್ಲೇ ಹೆಕ್ಕಿ, ಒಬ್ಬೊಬ್ಬ ಆಟಗಾರನ ಬಗ್ಗೆ ಎರಡು ಸಾಲು ಬರೆದು, ಆಟಗಾರರಿಗೆ ತೋರಿಸಲು ಹತ್ತು ನಿಮಿಷದ ವಿಡಿಯೊ ಕತ್ತರಿಸಬೇಕು. ಅದೇ ಹತ್ತು ಇಪ್ಪತ್ತೈದಾದರೆ ಕೋಣೆ ಅರ್ಧ ನಿದ್ದೆ. ಅಲೆಮಾರಿ ಇಲ್ಲಿ ಗೆಲ್ಲುತ್ತಾನೆ: ಎದುರಾಳಿ ಪಾಳೆಯದಲ್ಲಿ ಅವನು ಹಿಂದೆ ಆಡಿರುವ ಸಾಧ್ಯತೆ ಹೆಚ್ಚು, ಕೈಸನ್ನೆಗಳನ್ನು ಓದಬಲ್ಲ, ‘ಅವನು ಎಡಕ್ಕೆ ಹೊರಟರೆ ಪಾಸ್ ಮಾಡುವುದೇ ಇಲ್ಲ’ ಎಂಬಂಥ ಮಾತನ್ನು ಒಂದೇ ಉಸಿರಲ್ಲಿ ಹೇಳಬಲ್ಲ. ಆದರೆ ಅಪಾಯವೂ ಇಲ್ಲೇ. ಮೂರು ವರ್ಷದ ಹಿಂದಿನ ನೆನಪನ್ನು ಇವತ್ತಿನ ವಿಡಿಯೊಗಿಂತ ಹೆಚ್ಚು ನಂಬಿದವನ ವರದಿ ಸುಳ್ಳಾಗುತ್ತದೆ. ಒಮ್ಮೆ ಸುಳ್ಳಾದರೆ ಆಟಗಾರರು ಮತ್ತೆ ಕಿವಿಗೊಡುವುದಿಲ್ಲ.

ಮುಖ್ಯ ಕೋಚ್ ಕುರ್ಚಿಯ ರುಚಿ ಬೇಗ ನೋಡಬೇಕೆಂದಿದ್ದರೆ ಜಿ ಲೀಗ್. 2001ರಲ್ಲಿ ಎಂಟು ತಂಡಗಳಿಂದ ಶುರುವಾದ ಈ ಲೀಗ್‌ನಲ್ಲಿ ನಿಮ್ಮ ಅತ್ಯುತ್ತಮ ಆಟಗಾರನನ್ನು ಪಂದ್ಯದ ಬೆಳಗ್ಗೆ ಮೇಲಿನ ತಂಡ ಕರೆಸಿಕೊಳ್ಳಬಹುದು. ಅಭ್ಯಾಸ ಮಾಡಿಸಿದ ಪ್ಲೇಗಳೆಲ್ಲ ಅವನ ಜೊತೆಗೇ ವಿಮಾನ ಹತ್ತುತ್ತವೆ. ಆಗ ಸಂಜೆಯೊಳಗೆ ಏಳು ಮಂದಿಯಿಂದ ಒಂದು ತಂಡ ಕಟ್ಟಬೇಕು. ಇದಕ್ಕಿಂತ ಹಳೆಯ ಪಾಠಶಾಲೆ 2009ಕ್ಕೆ ಮುಚ್ಚಿದ ಸಿಬಿಎ, ಅಂದರೆ ಕಾಂಟಿನೆಂಟಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್. ಫಿಲ್ ಜಾಕ್ಸನ್ ಅಲ್ಲಿ ಆಲ್ಬನಿ ತಂಡಕ್ಕೆ 1984ರಲ್ಲಿ ಪ್ರಶಸ್ತಿ ತಂದವರು, ಶಿಕಾಗೊಗೆ ಸಹಾಯಕರಾಗಿ ಬಂದದ್ದು 1987ರಲ್ಲಿ. ಆ ಲೀಗಿನಲ್ಲಿ ಅಂಕಪಟ್ಟಿಯ ನಿಯಮವೇ ವಿಚಿತ್ರ: ಪಂದ್ಯ ಗೆದ್ದರೆ 3 ಅಂಕ, ಗೆದ್ದ ಪ್ರತಿ ಕ್ವಾರ್ಟರ್‌ಗೆ ಇನ್ನೊಂದು. ಇಪ್ಪತ್ತು ಅಂಕ ಹಿಂದಿದ್ದರೂ ಕೊನೆಯ ಕ್ವಾರ್ಟರ್‌ನಲ್ಲಿ ಕೈಚೆಲ್ಲುವಂತಿರಲಿಲ್ಲ. ಕೋಚ್‌ಗಳನ್ನು ತಯಾರಿಸಲು ಇದಕ್ಕಿಂತ ಒಳ್ಳೆ ನಿಯಮ ನನಗೆ ಕಾಣುವುದಿಲ್ಲ.

ಮುಖ್ಯ ಕೋಚ್ ಆದ ಮೊದಲ ವರ್ಷ ಎಡವುವ ಜಾಗ ಟೈಮ್‌ಔಟ್, ಅಂದರೆ ತಂಡ ಕೇಳಿ ಪಡೆಯುವ ಕಿರು ವಿರಾಮ. ಎನ್‌ಬಿಎಯಲ್ಲಿ ತಂಡಕ್ಕೆ 75 ಸೆಕೆಂಡಿನ ಏಳು ಟೈಮ್‌ಔಟ್. ನಾಲ್ಕನೇ ಕ್ವಾರ್ಟರ್‌ಗೆ ನಾಲ್ಕಕ್ಕಿಂತ ಹೆಚ್ಚು ಒಯ್ಯುವಂತಿಲ್ಲ, ಕೊನೆಯ ಮೂರು ನಿಮಿಷಕ್ಕೆ ಎರಡೇ. 75ರಲ್ಲಿ ಮೊದಲ ಇಪ್ಪತ್ತು ಸೆಕೆಂಡು ಕೋಚ್ ಸಹಾಯಕರ ಜೊತೆ ದೂರ ನಿಲ್ಲುತ್ತಾನೆ, ಕೊನೆಯ ಹತ್ತು ಹದಿನೈದು ಎದ್ದು ಹೋಗುವುದಕ್ಕೆ. ಉಳಿದದ್ದು ನಲವತ್ತು. ಅದರಲ್ಲಿ ಒಂದು ಪ್ಲೇ ಬರೆದು, ಒಂದು ಕಾವಲು ಹೇಳಿ, ಫೌಲ್ ಎಷ್ಟಿವೆ ಎಂದು ನೆನಪಿಸಿದರೆ ಮುಗಿಯಿತು. ಹೊಸ ಕೋಚ್ ಐದು ವಿಷಯ ಹೇಳಲು ಹೋಗುತ್ತಾನೆ, ಬೋರ್ಡನ್ನು ತನ್ನ ಕಡೆಗೆ ತಿರುಗಿಸಿಕೊಂಡು ಬರೆಯುತ್ತಾನೆ, ಎದುರು ಕೂತವರಿಗೆ ಎಲ್ಲ ತಲೆಕೆಳಗು. ಆಟ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಬ್ರೂಕ್ಲಿನ್ ಕೋಚ್ ಆದ ಜೇಸನ್ ಕಿಡ್, 2013ರ ನವೆಂಬರ್‌ನಲ್ಲಿ ಟೈಮ್‌ಔಟ್‌ಗಳೆಲ್ಲ ಮುಗಿದಿದ್ದಾಗ ಕೈಯಲ್ಲಿದ್ದ ಪಾನೀಯವನ್ನು ಬೇಕೆಂದೇ ಅಂಗಳಕ್ಕೆ ಚೆಲ್ಲಿ ಸಮಯ ಗಿಟ್ಟಿಸಿಕೊಂಡರು. ಲೀಗ್ 50,000 ಡಾಲರ್ ದಂಡ ಹಾಕಿತು. ಕಿಡ್ ಅಲೆಮಾರಿಯಲ್ಲ, ಮಹಾ ತಾರೆ. ಟೈಮ್‌ಔಟ್ ಉಳಿಸಿಕೊಳ್ಳುವ ಲೆಕ್ಕ ಆಟಗಾರನಾಗಿದ್ದಾಗ ಯಾರಿಗೂ ಬರುವುದಿಲ್ಲ ಎನ್ನುವುದಕ್ಕೆ ಹೇಳಿದೆ. ಹಾಗೆಯೇ ಡೆರೆಕ್ ಫಿಶರ್ 2014ರಲ್ಲಿ ಅಂಗಳದಿಂದ ನೇರ ನ್ಯೂಯಾರ್ಕ್ ಕೋಚ್ ಕುರ್ಚಿಗೆ ಹೋದರು. ಮೊದಲ ಋತು 17 ಗೆಲುವು, 65 ಸೋಲು.

ಇನ್ನೊಂದು ಎಡವು ಸ್ನೇಹ. ನಿನ್ನೆ ಜೊತೆಯಲ್ಲಿ ಇಸ್ಪೀಟಾಡಿದವನನ್ನು ಇವತ್ತು ಬೆಂಚಿಗೆ ಕಳಿಸಬೇಕು. ಅದಕ್ಕೇ ಕೊನೆಯದಾಗಿ ಆಡಿದ ತಂಡದಲ್ಲೇ ಕೋಚಿಂಗ್ ಶುರು ಮಾಡುವುದಕ್ಕಿಂತ ಬೇರೆ ತಂಡಕ್ಕೆ ಹೋಗುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಹೊರಗಿನ ದಾರಿಯೂ ಚಿಕ್ಕದಲ್ಲ. ಕ್ರಿಸ್ ಫಿಂಚ್ ಬ್ರಿಟನ್ನಿನ ಶೆಫೀಲ್ಡ್‌ನಲ್ಲಿ ಆಡಿ, ಅಲ್ಲೇ ಕೋಚ್ ಆಗಿ, ಜರ್ಮನಿ, ಬೆಲ್ಜಿಯಂ ಸುತ್ತಿ 2021ರಲ್ಲಿ ಮಿನೆಸೋಟದ ಮುಖ್ಯ ಕೋಚ್ ಆದರು. ಯುರೋಪಿನಲ್ಲಿ ಆಡುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾ ನಿಯಮದಡಿ: 48ರ ಬದಲು 40 ನಿಮಿಷ, ಆರರ ಬದಲು ಐದು ಫೌಲಿಗೆ ಹೊರಗೆ, ಟೈಮ್‌ಔಟ್ ಮೊದಲರ್ಧಕ್ಕೆ ಎರಡು, ಎರಡನೆಯದಕ್ಕೆ ಮೂರು, ಅದನ್ನೂ ಆಟಗಾರ ಕೇಳುವಂತಿಲ್ಲ, ಬೆಂಚಿನಿಂದ ಕೋಚೇ ಕೇಳಬೇಕು. ಯಾರನ್ನೂ ಕಾಯದೆ ರಿಂಗಿನ ಮುಂದೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂಬ ಎನ್‌ಬಿಎ ಕಟ್ಟು ಅಲ್ಲಿ ರಕ್ಷಣೆಗೆ ಇಲ್ಲದ್ದರಿಂದ ಸೆಂಟರ್ ರಿಂಗಿನ ಕೆಳಗೇ ಬೀಡುಬಿಡಬಹುದು. ಎನ್‌ಬಿಎಯಿಂದ ತಂದ ಪ್ಲೇಗಳು ಅರ್ಧಕ್ಕರ್ಧ ಅಲ್ಲಿ ಮುಗ್ಗರಿಸುವುದು ಇದಕ್ಕೇ.

ಕೊನೆಗೆ ಕಾಗದ ಪತ್ರ, ಏಕೆಂದರೆ ಮೊದಲ ಕೋಚ್ ಕರಾರಿನಲ್ಲಿ ಬಹಳ ಮಂದಿ ಆಟಗಾರನ ಕಣ್ಣಿನಿಂದಲೇ ಸಹಿ ಹಾಕುತ್ತಾರೆ. ಮುಖ್ಯ ಕೋಚ್‌ನನ್ನು ತೆಗೆದರೆ ಸಹಾಯಕರೂ ಸಾಮಾನ್ಯವಾಗಿ ಹೊರಡಬೇಕು. ಆದ್ದರಿಂದ ಸಂಬಳದ ಮೊತ್ತಕ್ಕಿಂತ ಎಷ್ಟು ವರ್ಷ ಖಾತ್ರಿ, ಬೇರೆ ಕೆಲಸ ಸಿಕ್ಕರೆ ಉಳಿದ ಹಣದಲ್ಲಿ ಕಡಿತವಿದೆಯೇ, ಮೇಲಿನ ಹುದ್ದೆಗೆ ಬೇರೆ ತಂಡ ಕರೆದರೆ ಬಿಟ್ಟುಕೊಡುತ್ತಾರೆಯೇ, ಈ ಮೂರನ್ನು ಮೊದಲು ನೋಡಬೇಕು. ಯುರೋಪಿನಲ್ಲಾದರೆ ಹೇಳಿದ ಸಂಬಳ ತೆರಿಗೆ ಕಳೆದದ್ದೋ ಅಲ್ಲವೋ, ಮನೆ, ಕಾರು, ವಿಮಾನ ಟಿಕೆಟ್ ಯಾರ ಖರ್ಚು ಎಂಬುದು ಬರಹದಲ್ಲಿರಲಿ. ಕ್ಲಬ್ ಸಂಬಳ ನಿಲ್ಲಿಸಿದರೆ ದೂರು ಕೊಂಡೊಯ್ಯಲು 2007ರಲ್ಲಿ ಫೀಬಾ ಸ್ಥಾಪಿಸಿದ ಮಧ್ಯಸ್ಥಿಕೆ ಮಂಡಳಿ ಜಿನೀವಾದಲ್ಲಿದೆ, ಬಿಎಟಿ ಎಂದು ಕರೆಯುತ್ತಾರೆ. ಅದರ ತೀರ್ಪಿಗೆ ತಲೆಬಾಗದ ಕ್ಲಬ್ ಹೊಸ ಆಟಗಾರರನ್ನು ನೋಂದಾಯಿಸದಂತೆ ಫೀಬಾ ತಡೆಯಬಹುದು, ಹಾಗಾಗಿ ಕ್ಲಬ್‌ಗಳಿಗೆ ಅದರ ಭಯವಿದೆ. ಆದರೆ ವ್ಯಾಜ್ಯವನ್ನು ಅಲ್ಲಿಗೇ ಒಯ್ಯಬೇಕೆಂಬ ಷರತ್ತು ಕರಾರಿನಲ್ಲೇ ಇರಬೇಕು. ಆಟಗಾರನ ಕರಾರಿನಲ್ಲಿ ಏಜೆಂಟ್ ಅದನ್ನು ಕೇಳದೆಯೇ ಸೇರಿಸಿರುತ್ತಾನೆ. ಕೋಚ್ ಆದ ಮೇಲೆ ಎಷ್ಟೋ ಸಲ ಏಜೆಂಟೇ ಇರುವುದಿಲ್ಲ, ಆ ಸಾಲನ್ನು ತಾನೇ ಕೇಳಿ ಹಾಕಿಸಿಕೊಳ್ಳಬೇಕು.